ವಿಯೆನ್ನಾಗೆ ‘ಬರ್ತೀನಿ’ ಅಂದದ್ದು

ಪ್ರವಾಸದ ಸಲಹೆ ಕೊಡುವ ಮಾತಾಡೋ ಆ್ಯಪ್ ಒಂದರ ಕನ್ನಡ ಟೆಸ್ಟ್ ಮಾಡೋ ಕೆಲಸ ಕ್ರ್ಯಾನ್‌ಬರಿ ಅನ್ನೋ ಊರಿನ ನಮ್ಮ ಆಫೀಸಿನಲ್ಲಿ ನನ್ನ ಪಾಲಿಗೆ ಬಂತು. ನನಗೇ ಹೋಗೋ ಆಸೆಯಿತ್ತು, ಅದಕ್ಕೆ ವಿಯೆನ್ನಾಗೆ ಯಾವಾಗ ಹೋದ್ರೆ ಒಳ್ಳೇದು ಅಂತ ಕೇಳಿದೆ.

“ಮೇ, ಇಲ್ಲಾ ಸೆಪ್ಟೆಂಬರ್. ಹವೆ ಹಿತವಾಗಿರುತ್ತೆ,” ಅಂತು ಹೆಣ್ಣುದನಿ.

“ಜನ ಕಮ್ಮಿ ಇರೋದು ಯಾವಾಗ?”

“ನವೆಂಬರ್‌ನಲ್ಲಿ. ಮಂಜು ಮುಸುಕಿರುತ್ತೆ, ನಾಲ್ಕೂವರೆಗೇ ಕತ್ತಲಾಗುತ್ತೆ. ಬೀದೀಲಿ ಯಾರೂ ಇರಲ್ಲ.”

ಕನ್ನಡ ಸಲೀಸಾಗಿತ್ತು. ಯಾರದೋ ಮನೆಯಿಂದ ಹೊರಡುವಾಗ ಹೇಳೋ ಹಾಗೆ, ಅಭ್ಯಾಸಬಲದಿಂದ “ಸರಿ, ಬರ್ತೀನಿ” ಅಂದುಬಿಟ್ಟೆ.

ಅದು ದನಿ ತಗ್ಗಿಸಿ, “ಬನ್ನಿ. ನಾನಿರ್ತೀನಿ,” ಅಂತು.

ಹೆಡ್‌ಫೋನ್ ತೆಗೆದಿಟ್ಟೆ. ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ, ಪಾಸ್ ಅಂತಲೇ ಬರೆದೆ. ನಾನು ಮಾತ್ರ ಮೇ ತಿಂಗಳಲ್ಲೇ ಹೋಗ್ತೀನಿ. ಜನ ಜಾಸ್ತಿ ಇರ್ತಾರೆ.