ರಕ್ತ ಪರೀಕ್ಷೆಗೆ ಕಲೇಜಿ ತಿಂದೆ

ಹೋದ ತಿಂಗಳು ಎಂಟು ದಿನ ನನಗೆ ಬಾಣಂತಿಯ ಹಾಗೆ ತಿನ್ನಿಸಿದರು. ಎಪ್ಪತ್ತು ದಾಟಿದ ಮುದುಕಿಗೆ!

ಕಾರಣ, ರಕ್ತ ಪರೀಕ್ಷೆ. ಅದಕ್ಕೆ ಮೂರು ವಾರ ಮುಂಚೆ ಕಲಬುರಗಿಯಲ್ಲಿ ನನ್ನ ಕರುಳಿನ ಕ್ಯಾನ್ಸರ್ ಗಡ್ಡೆ ಕೊಯ್ದು ತೆಗೆದಿದ್ದರು. ಸ್ಕ್ಯಾನ್ ಕ್ಲೀನ್. ಆದರೂ ಡಾಕ್ಟರು, ಹೊಸ ಥರದ ಬ್ಲಡ್ ಟೆಸ್ಟ್ ಮಾಡಿ ಕಿಮೋ ಬೇಕೋ ಬೇಡವೋ ನೋಡೋಣ ಎಂದರು.

ಸುಲೇಪೇಟದ ನಮ್ಮ ಓಣಿಗೆ ಗೊತ್ತಿರುವ ರಕ್ತ ಪರೀಕ್ಷೆ ಒಂದೇ. ಬೆರಳು ಚುಚ್ಚಿ "ರಕ್ತ ಕಮ್ಮಿ ಅದ" ಎಂದು ಬೈಯುವ ಕ್ಯಾಂಪಿನದು. ನನ್ನನ್ನು ಪಾಸ್ ಮಾಡಿಸಲೇಬೇಕಲ್ಲ? ಸೊಸೆ ರೇಣುಕಾ ದಿನಾ ಬೀಟ್‌ರೂಟ್ ಪಲ್ಯ ಮಾಡಿದಳು. ಪಕ್ಕದ ಮನೆ ಹುಸೇನ್‌ಬೀ ಕುರಿಯ ಕಲೇಜಿ, ಅದೇ ಲಿವರ್, ಹುರಿದು ತಂದಳು. "ತಿನ್ನಬೇ ಅಕ್ಕಾ, ಮಶೀನ್‌ನಾಗ ನಂಬರ್ ಛಲೋ ಬರ್ತದ!"

ನಾದಿನಿ ನಾಗಮ್ಮ ಮಾತ್ರ ಬರಿಗೈಲಿ ಬಂದಳು. "ಕೆದಕಿದ್ರ ಸಿಗ್ತದ ವೈನಿ. ಸುಮ್ಮ ಕುಂದ್ರು."

ರಕ್ತ ಕೊಡಲು ಹೋದ ದಿನ ಕಲೇಜಿ ವಿಷಯ ಕೇಳಿ ಡಾಕ್ಟರು ನಕ್ಕರು. "ರಕ್ತ ಎಷ್ಟದ ಅಂತ ನೋಡೋದಲ್ಲ ಅಮ್ಮಾ. ಗಡ್ಡಿ ಕುರುಹು ಅದರಾಗ ತೇಲಾಕತ್ತದೇನು ಅಂತ ನೋಡೋದು."

"ಇದ್ರ?"

"ಮತ್ತ ಬರೋದು, ಹಬ್ಬೋದು ಜಾಸ್ತಿ. ಕಿಮೋ ಚಾಲೂ ಮಾಡ್ತೀವಿ."

"ಇಲ್ಲಂದ್ರ?"

"ಗ್ಯಾರಂಟಿ ಕೊಡಂಗಿಲ್ಲ. ನೋಡ್ಕೋತ ಇರ್ತೀವಿ."

ನೇರ ಮಾತು. ಮನಸ್ಸಿಗೆ ಹಿಡಿಸಿತು. ತೊಗರಿ ಚೀಲದ ಬಾಯಿ ನೋಡಿ ಯಾರಾದರೂ ಒಯ್ಯುತ್ತಾರೆಯೇ? ತಳಕ್ಕೆ ಕೈ ಹಾಕಿ ಹಿಡಿ ಕಾಳು ತೆಗೆದು ಹುಳ ನೋಡುತ್ತೇವೆ. ಇದೂ ಹಾಗೆಯೇ. (ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ವಿಜ್ಞಾನ ಇಷ್ಟೇ.)

ಮೊನ್ನೆ ಮಂಗಳವಾರ ರಿಪೋರ್ಟ್ ಬಂತು. ಕುರುಹು ಇದೆ. ಕಿಮೋ ಬೇಕು. ಸೊಸೆ ಆಸ್ಪತ್ರೆಯಲ್ಲೇ ಅತ್ತಳು. ನನಗೆ ಹೊಟ್ಟೆ ಹಸಿದಿತ್ತು, ಇಡ್ಲಿ ತಿಂದೆ.

ಸಂಜೆ ನಾಗಮ್ಮ ಹಾಜರ್. "ಹೇಳಿದ್ನಿಲ್ಲೋ? ಹುಡುಕಿದ್ರಿ, ಸಿಕ್ತು."

"ಹುಡುಕದಿದ್ರ ಅದು ಊರು ಬಿಟ್ಟು ಹೋಗ್ತಿತ್ತೇನ?"

ಸೊಸೆ ಒಳಗೆ ಹೋದದ್ದನ್ನು ನೋಡಿಕೊಂಡು ನಾಗಮ್ಮ ಹತ್ತಿರ ಸರಿದಳು. "ವೈನಿ, ನಿನಗ ಮೊದಲ ಹ್ಯಾಂಗ ಗೊತ್ತಾತು?"

ನಿಜ ಹೇಳಿದೆ. ಒಂದು ವರ್ಷ ಸಂಡಾಸಿನಲ್ಲಿ ರಕ್ತ ಕಂಡೆ. ಮೂಲವ್ಯಾಧಿ ಎಂದುಕೊಂಡು ಮೂಲಂಗಿ ತಿಂದೆ, ಬೆಣ್ಣೆ ನುಂಗಿದೆ. ಮಗನಿಗೆ ಹೇಳಲು ನಾಚಿಕೆ.

ನಾಗಮ್ಮ ಸೆರಗಿನ ತುದಿ ತಿರುವತೊಡಗಿದಳು. "ನನಗೂ ಬೀಳಾಕತ್ತದ. ನಾಕು ತಿಂಗಳಾತು."

"ಯಾರಿಗಿ ಹೇಳಿದಿ?"

"ಯಾರಿಗಿ ಹೇಳ್ಲಿ? ಹೆಣ್ಮಕ್ಕಳು ಬಾಯಿ ಬಿಟ್ಟು ಹೇಳೋ ಮಾತೇನಿದು?"

ಬರೀ ಮೂಲವ್ಯಾಧಿಯೇ ಇರಬಹುದು. ಇರದೆಯೂ ಇರಬಹುದು. ನಾಳೆ ಮೊದಲ ಬಸ್ಸಿಗೆ ಇಬ್ಬರೂ ಕಲಬುರಗಿಗೆ ಹೊರಟಿದ್ದೇವೆ. ನಾನು ಕಿಮೋಗೆ, ಅವಳು ತೋರಿಸಲು. "ತೊಗರಿ ರಾಶಿ ಅದ, ಮುಂದಿನ ವಾರ ಬರ್ತೀನಿ" ಎಂದು ಈಗಲೂ ಜಗ್ಗುತ್ತಿದ್ದಾಳೆ. ಕೈ ಹಿಡಿದು ಎಳೆದೊಯ್ಯುತ್ತೇನೆ.

ರಕ್ತದಲ್ಲಿ ಅಡಗಿದ್ದನ್ನು ಹುಡುಕುವ ಮಶೀನ್ ಬಂದಾಯಿತು. ಕಣ್ಣಿಗೇ ಕಂಡ ರಕ್ತವನ್ನು ಬಾಯಿ ಬಿಟ್ಟು ಹೇಳಲು ನಮಗೆ ಇನ್ನೆಷ್ಟು ವರ್ಷ ಬೇಕು?