ಕೆಡವಿದ ಹಾಲ್‌ನ ಬೀಗದ ಕೈ

ಕೊಂಡಜ್ಜಿಗೆ ಹೋಗುವ ದಾರಿಯ ಆ ಪುಟ್ಟ ಊರಿನಲ್ಲಿ ಪಾಲಯ್ಯನಿಗೆ ಒಂದಿಷ್ಟು ಗದ್ದೆ, ಒಂದು ಎಮ್ಮೆ, ಮೈಲಮ್ಮ ಎಂಬ ಹೆಂಡತಿ ಮತ್ತು ಒಂದು ಬೀಗದ ಕೈ ಇದ್ದವು. ಹೊಸಬರು ಯಾರಾದರೂ “ಏನ್ ಮಾಡ್ಕೊಂಡಿದೀರಿ?” ಎಂದು ಕೇಳಿದರೆ ಗದ್ದೆಯ ಸುದ್ದಿ ಎತ್ತುತ್ತಿರಲಿಲ್ಲ. “ಚರ್ಚ್ ಹಾಲ್ ಐತಲ್ರೀ, ಅದು ನಮ್ ಜವಾಬ್ದಾರಿ” ಎನ್ನುತ್ತಿದ್ದ.

ಜವಾಬ್ದಾರಿ ಬಂದ ಬಗೆ ಹೀಗೆ. ಹಾಲ್‌ನಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದ ನಾಲ್ಕಾರು ಮನೆಯವರು ಒಬ್ಬೊಬ್ಬರಾಗಿ ಹರಿಹರ ಸೇರಿಕೊಂಡರು. ಭಾನುವಾರಕ್ಕೆ ಬರುತ್ತಿದ್ದ ಪಾದ್ರಿಯವರು ಕೊನೆಯ ಸಲ ಬಂದಾಗ, ಬಸ್ಸಿಗೆ ಓಡುವ ಅವಸರದಲ್ಲಿ ಎದುರು ಸಿಕ್ಕ ಪಾಲಯ್ಯನ ಕೈಗೆ ಬೀಗದ ಕೈ ತುರುಕಿ, “ಸ್ವಲ್ಪ ನೋಡ್ಕೊಳ್ಳಪ್ಪ” ಎಂದರು. ಎದುರಿಗೆ ಎಮ್ಮೆ ಸಿಕ್ಕಿದ್ದರೆ ಅದರ ಕೊಂಬಿಗೆ ಸಿಕ್ಕಿಸಿ ಹೋಗುತ್ತಿದ್ದರು ಎಂಬುದು ಮೈಲಮ್ಮನ ಅಭಿಪ್ರಾಯ. ಪಾಲಯ್ಯ ಮಾತ್ರ ಅದನ್ನು ಪಟ್ಟಾಭಿಷೇಕವೆಂದೇ ತಿಳಿದ.

ಹಂಚಿನ ಮಾಡಿನ ಆ ಹಾಲ್ ಬಿಟ್ಟರೆ ಊರಿನಲ್ಲಿ ಹತ್ತು ಮನೆಯವರು ಒಟ್ಟಿಗೆ ಕೂರುವ ಜಾಗವಿರಲಿಲ್ಲ. ಊರವರು ಬಳಸಿಕೊಳ್ಳಲು ಪಾದ್ರಿಯವರ ಅಭ್ಯಂತರವೂ ಇರಲಿಲ್ಲ. ಮದುವೆ, ನಾಟಕದ ತಾಲೀಮು, ಕಾಲುವೆ ನೀರಿನ ಜಗಳ, ಎಲ್ಲಾ ಅಲ್ಲೇ. ಮದುವೆ ಮಾಡುವವರು ಮೊದಲ ಲಗ್ನಪತ್ರಿಕೆ ಮನೆದೇವರ ಮುಂದಿಟ್ಟು, ಎರಡನೆಯದನ್ನು ಎಲೆ ಅಡಿಕೆ, ತೆಂಗಿನಕಾಯಿ ಸಮೇತ ಪಾಲಯ್ಯನ ಮುಂದಿಡುವುದು ಪದ್ಧತಿಯಾಯಿತು. ಅವನು “ನೋಡೋಣಂತೆ” ಎನ್ನುತ್ತಿದ್ದ. ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೂ ನೋಡುತ್ತಿದ್ದ. ಮದುವೆಯ ಬೆಳಿಗ್ಗೆ ಜರಿ ರುಮಾಲು ಸುತ್ತಿ ಬಂದು, ಪಕ್ಕದ ಚಿಕ್ಕ ಬಾಗಿಲಿನ ಬೀಗ ತೆಗೆದು ಒಳಹೊಕ್ಕು, ಒಳಗಿನಿಂದ ಮುಂಬಾಗಿಲಿನ ಅಗುಳಿ ಸರಿಸಿ, ಹೊರಗೆ ಕಾದಿದ್ದ ಊರಿಗೆ ದರ್ಶನ ಕೊಡುತ್ತಿದ್ದ.

ಹೋದ ವರ್ಷ ಮಾಡು ಕುಸಿಯತೊಡಗಿತು. ಯಾರ ತಲೆಯ ಮೇಲಾದರೂ ಬಿದ್ದೀತೆಂದು ಚರ್ಚಿನವರೇ ಜೆಸಿಬಿ ಕಳಿಸಿದರು. ಪಾಲಯ್ಯ ಅದರ ಮುಂದೆ ಕೈ ಅಡ್ಡ ಹಿಡಿದು ನಿಂತ. ಇದೇನೋ ಪ್ರತಿಭಟನೆ ಇರಬೇಕೆಂದು ಡ್ರೈವರ್ ತೌಸೀಫ್ ಎಂಜಿನ್ ಆರಿಸಿದ.

“ತಡಿಯಪ್ಪ, ಬೀಗ ತೆಗೀತೀನಿ.”

“ಗೋಡೇನೇ ಕೆಡವ್ತೀನಲ್ಲ ಯಜಮಾನ್ರೇ, ಬೀಗ ಯಾಕ?”

“ಬೀಗ ಹಾಕಿದ್ ಮನಿಗೆ ನುಗ್ಗೋರು ಕಳ್ಳರು. ನೀ ಕಳ್ಳನೇನು?”

ತೌಸೀಫ್ ಅಲ್ಲವೆಂದ. ಬೀಗ ತೆಗೆದ ಮೇಲೆ ಶಾಸ್ತ್ರೋಕ್ತವಾಗಿ ಗೋಡೆ ಬಿತ್ತು.

ಬೀಗವೂ ಬೀಗದ ಕೈಯೂ ಪಾಲಯ್ಯನ ಮನೆಯ ಗೂಟಕ್ಕೆ ಬಂದವು. ಊರಿನ ಮದುವೆಗಳು ಹರಿಹರದ ಕಲ್ಯಾಣ ಮಂಟಪಗಳಿಗೆ ಹೋದವು. ಪಾಲಯ್ಯನ ಮನೆಗೆ ಲಗ್ನಪತ್ರಿಕೆ ಬರುತ್ತಿತ್ತು. ಆದರೆ ಎಲ್ಲರ ಮನೆಗೆ ಬಂದಂತೆ, ಬಾಗಿಲ ಸಂದಿಯಲ್ಲಿ.

ಹೀಗಿರುವಾಗ ಮಲ್ಲೇಶಪ್ಪನ ಮಗಳು ಅಂಬಿಕಾಳಿಗೆ ದಾವಣಗೆರೆಯ ಗಂಡು ಗೊತ್ತಾಯಿತು. ಮಲ್ಲೇಶಪ್ಪನ ತಾಯಿ ಉಚ್ಚಂಗಮ್ಮ ಹಟ ಹಿಡಿದಳು: “ನಮ್ ಮನಿ ಮದುವಿ ಎಲ್ಲಾ ಹಾಲ್‌ನಾಗೇ ಆಗ್ಯಾವ. ಹಾಲ್ ಇಲ್ದಿದ್ರ ಅದರ ಜಾಗದಾಗ ಮಾಡು.” ಚರ್ಚಿನವರು ಒಪ್ಪಿದರು. ಖಾಲಿ ಜಾಗದಲ್ಲಿ ಶಾಮಿಯಾನ ಎದ್ದಿತು. ಪಾಲಯ್ಯ ಕ್ಷೌರ ಮಾಡಿಸಿಕೊಂಡು ಜಗಲಿಯ ಮೇಲೆ ಕಾದ. ಎಲೆ ಅಡಿಕೆ ಬರಲಿಲ್ಲ.

“ಶಾಮಿಯಾನಕ್ಕೆ ಎಲ್ಲೈತ್ರೀ ಬೀಗ?” ಎಂದಳು ಮೈಲಮ್ಮ.

“ಮರ್ಯಾದಿಗೆ ಬೀಗ ಬ್ಯಾಡೇನು? ಹಂಗಾರ ನಾ ಮದುವಿಗೇ ಹೋಗಲ್ಲ” ಎಂದ ಪಾಲಯ್ಯ.

ಮದುವೆಯ ಬೆಳಿಗ್ಗೆ ಬೀಗರ ಟೆಂಪೋ ಬಂತು. ಬೀಗರನ್ನು ಬಾಗಿಲಲ್ಲಿ ನಿಲ್ಲಿಸಿ, ಕಾಲಿಗೆ ನೀರು ಕೊಟ್ಟು, ಆರತಿ ಎತ್ತಿ ಎದುರುಗೊಳ್ಳಬೇಕು. ಶಾಮಿಯಾನಕ್ಕೆ ಬಾಗಿಲೆಲ್ಲಿ? ಹೆಣ್ಣಿನವರು ಆರತಿ ಹಿಡಿದು ಒಂದು ಕಡೆ ನಿಂತಿದ್ದರು. ಬೀಗರು ಇನ್ನೊಂದು ಕಡೆಯಿಂದ ನುಗ್ಗಿ, ನೇರವಾಗಿ ಎಂಜಲೆಲೆಯ ಬುಟ್ಟಿಗಳ ನಡುವೆ ಪ್ರತ್ಯಕ್ಷರಾದರು. ಗಂಡಿನ ಸೋದರಮಾವ ಕರಿಬಸವರಾಜಪ್ಪನವರು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಮನೆ ಮಾಡಿದ್ದ ನಿವೃತ್ತ ಅಧಿಕಾರಿ. ಕುರ್ಚಿ ಹೋಗಿದ್ದರೂ ಕೂರುವ ಭಂಗಿ ಹೋಗಿರಲಿಲ್ಲ. ಅವರು ತಿರುಗಿ ಹೋಗಿ ಟೆಂಪೋದಲ್ಲಿ ಕೂತುಬಿಟ್ಟರು.

“ಬಾಗ್ಲಿಲ್ದ ಕಡಿಗೆ ನುಗ್ಗಾಕೆ ನಾವೇನ್ ದನಾನೇನ್ರೀ? ಬಾಗ್ಲು ತೋರಿಸ್ರಿ, ಬರ್ತೀವಿ.”

ಮುಹೂರ್ತ ಹತ್ತಿರವಾಗುತ್ತಿತ್ತು. ಮಲ್ಲೇಶಪ್ಪ ಯಾರದೋ ತಟ್ಟೆಯಿಂದ ಎಲೆ ಅಡಿಕೆ ಬಾಚಿಕೊಂಡು ಪಾಲಯ್ಯನ ಮನೆಗೆ ಓಡಿದ.

“ಪಾಲಣ್ಣ, ತಪ್ಪಾತು. ಬಾಗ್ಲು ಎಲ್ಲಿತ್ತು ಬಂದು ತೋರ್ಸಣ್ಣ.”

“ನೋಡೋಣಂತೆ” ಎಂದ ಪಾಲಯ್ಯ.

“ಏನ್ ನೋಡ್ತಾರ! ಬೆಳಕು ಹರಿದಾಗಿಂದ ರುಮಾಲು ಸುತ್ಕೊಂಡು ಕುಂತಾರ. ಕರ್ಕೊಂಡ್ ಹೋಗಪ್ಪ” ಎಂದಳು ಮೈಲಮ್ಮ.

ಪಾಲಯ್ಯ ಬೀಗ, ಬೀಗದ ಕೈ ಎರಡನ್ನೂ ಹಿಡಿದು ನಡೆದ. ಜಾಗಕ್ಕೆ ಬಂದು ಕಣ್ಣು ಮುಚ್ಚಿ, ತೆರೆದು, ಒಂದು ಕಡೆ ಕಾಲು ಅಪ್ಪಳಿಸಿ, “ಇಲ್ಲಿ ಬಾಗ್ಲು” ಎಂದ. ಎರಡು ಬಾಳೆಕಂದು ನಿಂತವು, ತೋರಣ ಏರಿತು. ಪಾಲಯ್ಯ ಬೀಗವನ್ನು ತೋರಣದ ದಾರಕ್ಕೆ ಸಿಕ್ಕಿಸಿ, ಬೀಗದ ಕೈ ತಿರುಗಿಸಿ ತೆಗೆದ. ಕರಿಬಸವರಾಜಪ್ಪನವರಿಗೆ ಇಂಥ ವ್ಯವಸ್ಥೆ ಹಿಡಿಸಿತು. ಇಳಿದು ಬಂದು, ಕಾಲಿಗೆ ನೀರು ಹಾಕಿಸಿಕೊಂಡು, ಗಂಭೀರವಾಗಿ ಒಳಗೆ ಅಡಿಯಿಟ್ಟು, ಸೀದಾ ಮದುವೆ ಮಂಟಪದ ಹಿಂದೆ, ಮದುವೆ ಮಾಡಿಸುವ ಅಯ್ಯನವರ ಬೆನ್ನಿಗೆ ಹೋಗಿ ನಿಂತರು.

ಮುಂದೆ ಕೂತಿದ್ದ ಉಚ್ಚಂಗಮ್ಮ ಬೊಚ್ಚು ಬಾಯಿ ತೆರೆದು ನಕ್ಕಳು. “ಲೇ ಪಾಲಾ, ಇದು ಮುಂದಿನ ಬಾಗ್ಲಲ್ಲಲೇ! ಇದು ಪಕ್ಕದ್ದು, ಪಾದ್ರಿ ಬರ್ತಿದ್ ಬಾಗ್ಲು!”

ಪಾಲಯ್ಯನ ಬೆವರು ರುಮಾಲಿನಿಂದ ಕಿವಿಗೆ ಇಳಿಯಿತು. ಅಷ್ಟು ವರ್ಷ ಬೀಗದ ಕೈ ಹಿಡಿದವನು ಒಂದು ದಿನವೂ ಮುಂಬಾಗಿಲಿನಿಂದ ಒಳಗೆ ಬಂದಿರಲಿಲ್ಲ! ಅವನ ಪಾಲಿಗೆ ಬಾಗಿಲೆಂದರೆ ಬೀಗವಿದ್ದ ಬಾಗಿಲು.

“ಏನಂದ್ರು ಅಜ್ಜಿ?” ಕರಿಬಸವರಾಜಪ್ಪನವರ ಹುಬ್ಬು ಮೇಲೇರಿತು. ಮಲ್ಲೇಶಪ್ಪ ಕಣ್ಣು ಮುಚ್ಚಿಕೊಂಡ.

“ಖರೇನೇ ಅಂದ್ರು ಸಾಹೇಬ್ರೇ” ಎಂದ ಪಾಲಯ್ಯ ಕೈಮುಗಿದು. “ಮುಂದಿನ ಬಾಗ್ಲು ಸಿಕ್ಕಸಿಕ್ಕೋರಿಗೆಲ್ಲ ಇರೋದು. ಇದು ಪಾದ್ರಿಯೋರು, ಅಂಥ ದೊಡ್ಡೋರು ಬಂದ್ರಷ್ಟೇ ತೆಗೆಯೋದು.”

ಹುಬ್ಬು ಇಳಿಯಿತು. ಎದೆ ಏರಿತು. ಊಟವಾದ ಮೇಲೂ ಅವರು ಬೇರೆ ಕಡೆಯಿಂದ ಹೊರಡಲು ಒಪ್ಪದೆ, ಅಡುಗೆ ಒಲೆಗಳ ಹೊಗೆಯಲ್ಲೇ ಸುತ್ತುಹಾಕಿಕೊಂಡು ಬಂದು ಅದೇ ಬಾಳೆಕಂದುಗಳ ನಡುವೆಯೇ ಹೊರಬಿದ್ದರು.

ಸುದ್ದಿ ದಾವಣಗೆರೆ ಮುಟ್ಟಿತು. ಊರಿನ ಮದುವೆಗಳು ಹರಿಹರ ಬಿಟ್ಟು ಮತ್ತೆ ಆ ಖಾಲಿ ಜಾಗಕ್ಕೇ ಬಂದವು. ಈಗ ಆ ಊರಿಗೆ ಬರುವ ಬೀಗರೆಲ್ಲ ಮೊದಲೇ ಫೋನ್ ಮಾಡಿ, “ದೊಡ್ಡೋರ ಬಾಗ್ಲು ತೆಗಿಸ್ತೀರಿ ತಾನೆ?” ಎಂದು ಕೇಳುತ್ತಾರೆ. ಎಲೆ ಅಡಿಕೆ, ತೆಂಗಿನಕಾಯಿ ಮತ್ತೆ ಪಾಲಯ್ಯನ ಜಗಲಿಗೆ ಬರುತ್ತಿವೆ. ಇಲ್ಲದ ಹೊಸ್ತಿಲನ್ನು ಯಾರಾದರೂ ತುಳಿದರೆ ಅವನು ಗದರಿಸುತ್ತಾನೆ. ಇಲ್ಲದ ಗೋಡೆಗೆ ಸೈಕಲ್ ಒರಗಿಸಬೇಡಿ ಎನ್ನುತ್ತಾನೆ.

“ಮೊದ್ಲು ಬರೀ ಬೀಗದ ಕೈ ಇವ್ರ ಹತ್ರ ಇತ್ತು” ಎನ್ನುತ್ತಾಳೆ ಮೈಲಮ್ಮ, ಬಂದ ಕಾಯಿಗಳನ್ನು ಒಳಗೆ ಒಯ್ಯುತ್ತ. “ಈಗ ಹಾಲ್ ಪೂರಾ ಇವ್ರ ತಲಿಯಾಗೇ ಐತಿ. ಮಳಿಗಾಲದಾಗ ಸೋರಿದ್ರ ನನ್ ಕೇಳಬ್ಯಾಡ್ರಿ.”