ಎರಡನೆಯ ಕಂದು ತಂತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಪಕ್ಕದ ಗೇಟಿಗೆ ಎದುರಾಗಿ ಒಂದೇ ಷಟರಿನ ಒಂದು ಅಂಗಡಿ, ಅದರ ಮುಂದೆ ಒಂದು ಬಿಳಿ ವ್ಯಾನು. ವ್ಯಾನಿನ ಡ್ರೈವರ್ ಬಾಗಿಲಿನಿಂದ ಎರಡು ಪಾದ ಹೊರಗೆ ಚಾಚಿವೆ. ಒಂದರಲ್ಲಿ ಚಪ್ಪಲಿ ಇದೆ, ಇನ್ನೊಂದರ ಚಪ್ಪಲಿ ಯಾವಾಗಲೋ ರಸ್ತೆಗೆ ಬಿದ್ದಿದೆ. ಪಾದಗಳ ಒಡತಿ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಹಲ್ಲಿನಲ್ಲಿ ಟಾರ್ಚು ಕಚ್ಚಿ, ಅಂಗಾತ ಮಲಗಿದ್ದಾರೆ. ಎದೆಯ ಮೇಲೆ ತಂತಿಗಳ ಒಂದು ಗೊಂಚಲು, ಈಗತಾನೇ ಬಿಚ್ಚಿದ ಜಡೆಯ ಹಾಗೆ.

ಈ ಬೀದಿಯವರು ಇವರನ್ನು ತಂತಿಯಕ್ಕ ಅನ್ನುತ್ತಾರೆ. ಗಾಡಿಗಳ ದೀಪದ ಕೆಲಸ ಇವರದು. ಅದರಲ್ಲೂ ಬಾಗಿಲು ತೆರೆದರೆ ಹೊತ್ತಿ, ಮುಚ್ಚಿದರೆ ಆರುವ ದೀಪ ಕೈಕೊಟ್ಟಿತೆಂದರೆ ಬೇರೆ ಅಂಗಡಿಯವರೂ ಗಾಡಿಯನ್ನು ಇಲ್ಲಿಗೇ ಕಳಿಸುತ್ತಾರೆ. ವಯಸ್ಸು ಐವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದರೆ, ಬೆನ್ನಿಗೆ ಎಪ್ಪತ್ತು, ಕೈಗೆ ಇಪ್ಪತ್ತೈದು, ಸರಾಸರಿ ನೀವೇ ಹಾಕಿಕೊಳ್ಳಿ ಅನ್ನುತ್ತಾರೆ.

ಇವತ್ತು ಗಿರಾಕಿಗಳ ಸಾಲು ಇಲ್ಲ, ಇರುವುದು ಈ ಒಂದೇ ವ್ಯಾನು. ಆದರೆ ಹೊತ್ತು ಮೀರುವಂತಿಲ್ಲ. ರಾತ್ರಿ ಪಾಳಿ ಮುಗಿಸಿದ ದಾದಿಯರು ಏಳಕ್ಕೆ ಗೇಟಿಗೆ ಬರುತ್ತಾರೆ. ಅವರ ಜೊತೆ ಆಸ್ಪತ್ರೆಯ ಗಾಡಿಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕರೂ ಬಂದು ವ್ಯಾನಿನಲ್ಲಿ ಕೂರುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ನಾಳೆಯಿಂದ ಈ ವ್ಯಾನಿಗೆ ಬೇರೆ ಡ್ರೈವರ್.

ಈಗಿನ ಡ್ರೈವರಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಕಣ್ಣು ಮಾತ್ರ ಹದ್ದಿನ ಕಣ್ಣು. ಅವರು ಓಡಿಸಿದರೆ ತೊಡೆಯ ಮೇಲಿನ ಟೀ ಲೋಟ ಅಲ್ಲಾಡುವುದಿಲ್ಲ ಎಂದು ದಾದಿಯರು ಹೇಳುತ್ತಾರೆ. ಪಕ್ಕದ ಜಾರುಬಾಗಿಲನ್ನು ಹತ್ತಿದವರೇ ಎಳೆದು ಹಾಕಬೇಕು. ಅದು ಮುಚ್ಚಿತೋ ಇಲ್ಲವೋ ಎಂಬುದು ಡ್ರೈವರಿಗೆ ಗೊತ್ತಾಗುತ್ತಿದ್ದದ್ದು ಸೀಟಿನಿಂದ. ಬಾಗಿಲು ಧಡ್ ಎಂದರೆ ಬೆನ್ನಿಗೆ ಒಂದು ಗುದ್ದು ಬರುತ್ತಿತ್ತು. ಗುದ್ದು ಬಂತು, ಗಾಡಿ ಹೊರಟಿತು. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಹೋದ ತಿಂಗಳು ದಾದಿಯರಿಗೆ ಹಾಡು ಬೇಕೆನಿಸಿತು. ಎಲ್ಲರೂ ಸೇರಿ ವ್ಯಾನಿಗೆ ಹಾಡಿನ ಪೆಟ್ಟಿಗೆ ಹಾಕಿಸಿದರು. ಹಾಕಿದವರು ತಂತಿಯಕ್ಕನ ಯಜಮಾನರು. ಇದೇ ಅಂಗಡಿಯಲ್ಲಿ ಬಲಗಡೆ ಅರ್ಧ ದೀಪದ್ದು, ಎಡಗಡೆ ಅರ್ಧ ಹಾಡಿನದು. ಅಕ್ಕನ ಗಂಡನಾದ್ದರಿಂದ ಬೀದಿಗೆಲ್ಲ ಅವರು ಭಾವ. ದೊಡ್ಡ ಸ್ಪೀಕರಿಗೆ ಬೇರೆಲ್ಲೂ ಜಾಗ ಸಾಲದೆ ಭಾವ ಅದನ್ನು ಡ್ರೈವರ್ ಸೀಟಿನ ಕೆಳಗೆ ಕೂರಿಸಿದರು. ಹಾಡು ಶುರುವಾದದ್ದೇ ತಡ, ಬೆನ್ನಿಗೆ ಬರೀ ಗುದ್ದು. ಬಾಗಿಲಿನದು ಯಾವುದು, ಡೋಲಿನದು ಯಾವುದು?

ಹಾಗಾದರೆ ಸ್ಪೀಕರ್ ತೆಗೆದುಬಿಡೋಣ ಎಂದು ದಾದಿಯರೇ ಹೇಳಿದರಂತೆ. ಒಪ್ಪದವರು ಡ್ರೈವರ್. ಅವರ ಕೈಸನ್ನೆಯನ್ನು ಬಾಯಿಮಾತಿಗೆ ತರುವವರು ಅವರ ಅತ್ತಿಗೆ, ಈ ದಾದಿಯರಲ್ಲೇ ಹಿರಿಯರು. "ಮೊದಲನೇ ಸಲ ಹಾಡು ನನ್ನ ಹತ್ತಿರಕ್ಕೂ ಬಂದಿದೆ, ಅದನ್ನ ಕಿತ್ತುಕೋಬೇಡಿ ಅಂತಿದಾನೆ" ಎಂದು ಅವರು ಹೇಳಿದ ಮೇಲೆ ಯಾರೂ ಸ್ಪೀಕರಿನ ಸುದ್ದಿಗೆ ಹೋಗಲಿಲ್ಲ.

ವ್ಯಾನಿನ ಚಾವಣಿಯಲ್ಲಿ ಬಾಗಿಲ ದೀಪ ಒಂದು ಇದ್ದೇ ಇದೆ. ಆದರೆ ಅದು ಡ್ರೈವರಿನ ತಲೆಯ ಹಿಂದೆ. ಅದಕ್ಕೇ ಭಾವ ಕಾಸು ತೆಗೆದುಕೊಳ್ಳದೆ ಸ್ಟಿಯರಿಂಗಿನ ಮುಂದೆ ಒಂದು ಪುಟ್ಟ ಹಳದಿ ದೀಪ ಕೂರಿಸಿಕೊಟ್ಟರು. ಬಾಗಿಲು ತೆರೆದಿದ್ದರೆ ಹೊತ್ತಬೇಕು, ಮುಚ್ಚಿದರೆ ಆರಬೇಕು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಕಳೆದ ವಾರ ತಿರುವಿನಲ್ಲಿ ಜಾರುಬಾಗಿಲು ತಾನಾಗಿ ತೆರೆದುಕೊಂಡಿತು. ಯಾರೂ ಬೀಳಲಿಲ್ಲ, ಒಂದು ಕೊಡೆ ಬಿತ್ತು. ಡ್ರೈವರಿನ ಮುಂದೆ ಹಳದಿ ದೀಪ ಆರಿಯೇ ಇತ್ತು. ಮೇಲ್ವಿಚಾರಕರು ಇವತ್ತು ಬರುತ್ತಿರುವುದು ಅದಕ್ಕೇ.

"ಇವರು ಮಾಡಿದ್ದೇನು ಗೊತ್ತಾ?" ಎಂದು ತಂತಿಯಕ್ಕ ಟಾರ್ಚನ್ನು ಬಾಯಿಂದ ತೆಗೆದು ಹೇಳುತ್ತಾರೆ. "ಮೊದಲು ಹೊತ್ತಿದ ತಂತಿಗೇ ತಾಳಿ ಕಟ್ಟಿಬಿಟ್ಟರು."

ಗೊಂಚಲಿನಲ್ಲಿ ಕಂದು ತಂತಿ ಎರಡಿವೆ, ಅಕ್ಕತಂಗಿಯರ ಹಾಗೆ. ಒಂದು ಡ್ರೈವರಿನ ಬಾಗಿಲೊಂದಕ್ಕೇ ಸೇರಿದ್ದು. ಇನ್ನೊಂದು ಚಾವಣಿಯ ದೀಪಕ್ಕೆ ಹೋಗುವಂಥದ್ದು, ಯಾವ ಬಾಗಿಲು ತೆರೆದರೂ ಅದಕ್ಕೆ ಸುದ್ದಿ ಮುಟ್ಟುತ್ತದೆ. ಭಾವ ಕೆಲಸ ಮಾಡುವಾಗ ಕಾಲು ಹೊರಗೆ ಚಾಚಿದ್ದರಿಂದ ಡ್ರೈವರಿನ ಬಾಗಿಲು ತೆರೆದೇ ಇತ್ತು. ಮೊದಲನೆಯ ಕಂದು ತಂತಿಗೆ ಬಲ್ಬು ಹಿಡಿದರು, ಹೊತ್ತಿತು. ಎದ್ದು ಬಾಗಿಲು ಹಾಕಿದರು, ಆರಿತು. ಊಟದ ಹೊತ್ತಾಗಿತ್ತು. ಜಾರುಬಾಗಿಲನ್ನು ಎಳೆದು ನೋಡಲೇ ಇಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಕ್ಕ ದಿನಕ್ಕೆ ಹತ್ತು ಸಲ ಹೇಳುತ್ತಾರಂತೆ. ಹತ್ತು ಸಲ ಹೇಳಿದರೆ ಕೇಳಿಸುವುದು ಕಷ್ಟ ಎಂಬುದು ಭಾವನ ವಾದ. ಆ ತಪ್ಪಿಗೆ ಈಗ ಅವರು ಸುತ್ತಲೂ ಓಡಾಡಿ ಒಂದೊಂದೇ ಬಾಗಿಲನ್ನು ತೆಗೆಯುವ, ಹಾಕುವ ಕೆಲಸದಲ್ಲಿದ್ದಾರೆ. ಮದುವೆಯಲ್ಲೂ ತನ್ನನ್ನು ಇಷ್ಟು ಸುತ್ತಿಸಲಿಲ್ಲ ಎಂದು ಪ್ರತಿ ಸುತ್ತಿಗೂ ಗೊಣಗುತ್ತಾರೆ. ಡ್ರೈವರ್ ಪಕ್ಕದಲ್ಲಿ ನಿಂತು, ಬಿದ್ದ ಚಪ್ಪಲಿಯನ್ನು ಅಕ್ಕನ ಕಾಲಿಗೆ ಮತ್ತೆ ಮತ್ತೆ ತೊಡಿಸುತ್ತಿದ್ದಾರೆ.

ಅಕ್ಕನ ಸಲಕರಣೆ ನೋಡಿದರೆ ನಗು ಬರಬಹುದು. ಒಂದು ಪುಟ್ಟ ಬಲ್ಬು, ಅದರಿಂದ ಹೊರಟ ಎರಡು ತಂತಿ. ಒಂದರ ತುದಿಯಲ್ಲಿ ಬ್ಯಾಟರಿಗೆ ಕಚ್ಚುವ ಕ್ಲಿಪ್ಪು, ಇನ್ನೊಂದರ ತುದಿಯಲ್ಲಿ ಬಟ್ಟೆ ಹೊಲಿಯುವ ಸೂಜಿ. ಸೂಜಿಗೂ ಒಂದು ಕಾರಣವಿದೆ. ಮದುವೆಯಾಗಿ ಈ ಅಂಗಡಿಗೆ ಬಂದಾಗ ಇವರು ಮಾಡುತ್ತಿದ್ದದ್ದು ಸೀಟಿಗೆ ಹೊದಿಕೆ ಹೊಲಿಯುವ ಕೆಲಸ. ಹೊಲಿಯಲು ಸೀಟು ಕಳಚಬೇಕು, ಕಳಚಿದರೆ ಕೆಳಗೆಲ್ಲ ತಂತಿ. ಇದು ಎಲ್ಲಿಗೆ ಹೋಗುತ್ತದೆ, ಅದು ಯಾಕೆ ಎಂದು ಗಂಡನನ್ನು ಕೇಳಿದರೆ ಆಮೇಲೆ ಹೇಳುತ್ತೇನೆ ಎಂಬ ಉತ್ತರ. ಆ ಆಮೇಲೆ ಬರಲಿಲ್ಲ. ಬರಬರುತ್ತಾ ಹೊದಿಕೆ ಹಾಕಿಕೊಂಡೇ ಬರುವ ಗಾಡಿಗಳು ಹೆಚ್ಚಿದವು, ಹೊಲಿಗೆ ನಿಂತಿತು. ಕೈಯಲ್ಲಿ ಸೂಜಿ ಉಳಿಯಿತು. ಹಳೆಯ ಬಲ್ಬೊಂದಕ್ಕೆ ಅದನ್ನು ಕಟ್ಟಿಕೊಂಡು ತಾವೇ ಒಂದೊಂದು ತಂತಿಯನ್ನೂ ಕೇಳತೊಡಗಿದರು.

"ತಂತೀನ ಬಣ್ಣ ನೋಡಿ ನಂಬಬಾರದು. ಯಾರು ಯಾವಾಗ ಏನು ಬದಲಾಯಿಸಿದಾರೋ. ಕೇಳಬೇಕು. ನೀನು ಯಾವ ಬಾಗಿಲವಳಮ್ಮಾ ಅಂತ ಕೇಳಬೇಕು, ಎಲ್ಲಾ ಬಾಗಿಲು ತೆಗೆದು ಹಾಕಿ ಕೇಳಬೇಕು. ಆಗ ಹೇಳುತ್ತೆ."

ಕೆಲವು ಗಾಡಿಗಳಲ್ಲಿ ಬಾಗಿಲು ಮುಚ್ಚಿದರೆ ಒತ್ತಿಕೊಳ್ಳುವ ಚೌಕಟ್ಟಿನ ಗುಂಡಿ ದೀಪಕ್ಕೆ ಕರೆಂಟು ಕೊಡುತ್ತದೆ. ಕೆಲವದರಲ್ಲಿ ಕರೆಂಟು ಮೊದಲೇ ಬಂದು ಕಾದಿರುತ್ತದೆ, ಗುಂಡಿ ಅದಕ್ಕೆ ಮರಳುವ ದಾರಿ ಮಾಡಿಕೊಡುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದ್ದರಿಂದ ಅಕ್ಕ ಕ್ಲಿಪ್ಪನ್ನು ಒಮ್ಮೆ ಬ್ಯಾಟರಿಗೆ, ಒಮ್ಮೆ ಗಾಡಿಯ ಮೈಗೆ ಕಚ್ಚಿಸಿ ಎರಡು ಸಲ ಹುಡುಕುತ್ತಾರೆ. ಸೂಜಿ ಚುಚ್ಚಿದ ಜಾಗಕ್ಕೆ ಉಗುರುಬಣ್ಣದ ಒಂದು ಚುಕ್ಕೆ ಇಡುತ್ತಾರೆ, ನೀರು ಇಳಿಯಬಾರದಲ್ಲ. ಬಣ್ಣದ ಸೀಸೆಗಳನ್ನು ಕೊಡುವವರು ದಾದಿಯರೇ. ಈ ಬೀದಿಯ ಅನೇಕ ಗಾಡಿಗಳ ಹೊಟ್ಟೆಯೊಳಗೆ ಗುಲಾಬಿ ಚುಕ್ಕೆಗಳಿವೆ.

ದಿನಕ್ಕೆ ಮೂರೋ ನಾಲ್ಕೋ ಗಾಡಿ. ಒಂದೊಂದಕ್ಕೆ ಅರ್ಧ ದಿನ ಹಿಡಿದದ್ದೂ ಉಂಟು. ಮೊದಮೊದಲು ಗಿರಾಕಿಗಳು ಒಳಗೆ ಇಣುಕಿ ಮೇಸ್ತ್ರಿ ಎಲ್ಲಮ್ಮಾ ಎಂದು ಕೇಳುತ್ತಿದ್ದರು. ಊಟಕ್ಕೆ ಹೋಗಿದಾರೆ, ಅಷ್ಟರಲ್ಲಿ ನಾನು ನೋಡಿರ್ತೀನಿ ಎಂದು ಅಕ್ಕ ಹೇಳಿ, ಗಿರಾಕಿ ಟೀ ಕುಡಿದು ಬರುವುದರೊಳಗೆ ಮುಗಿಸಿಬಿಡುತ್ತಿದ್ದರಂತೆ. ಕೈಯ ತುಂಬ ಗೀರುಗಳಿವೆ. ಚಳಿಯಲ್ಲಿ ಬೆನ್ನು ನೆಲ ಬಿಟ್ಟು ಏಳುವುದಿಲ್ಲ, ಭಾವ ಎರಡೂ ಕೈ ಹಿಡಿದು ಎಳೆದು ಕೂರಿಸಬೇಕು. ಆಗ ಮಾತ್ರ ಅವರು ಗೊಣಗುವುದಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇವರದು ಷಟರ್ ಎಳೆಯುವ ತನಕವೂ ಬಾಳುವುದಿಲ್ಲ.

ಒಮ್ಮೆ ವಯಸ್ಸಾದ ದಂಪತಿ ಒಂದು ಹಳೆಯ ಕಾರು ತಂದರು. ದೀಪ ಹೊತ್ತುವುದಿಲ್ಲ, ಮೂರು ಅಂಗಡಿ ತಿರುಗಿ ಆಯಿತು. ಅಕ್ಕ ತಂತಿಗೆ ಕೈ ಹಾಕುವ ಮುಂಚೆ ಚಾವಣಿಯ ದೀಪದ ಪಕ್ಕದ ಪುಟ್ಟ ಗುಬುಟನ್ನು ಬೆರಳಿನಿಂದ ಸರಿಸಿದರು, ದೀಪ ಹೊತ್ತಿತು. ಯಾರೋ ಅದನ್ನು ಆರಿಸಿಟ್ಟಿದ್ದರು, ಅಷ್ಟೇ. ಕಾರಿನ ಅಜ್ಜಿ ತಮ್ಮ ಯಜಮಾನರ ಕಡೆ ತಿರುಗಿ, ನಲವತ್ತು ವರ್ಷದಿಂದ ನಿಮ್ಮ ತಲೆಗೂ ಇಂಥದ್ದೊಂದು ಗುಬುಟು ಹುಡುಕ್ತಾ ಇದೀನಿ ಅಂದರಂತೆ. ಆ ಕೆಲಸಕ್ಕೆ ಅಕ್ಕ ಕೂಲಿ ಕೇಳಲಿಲ್ಲ. ಅಜ್ಜಿಯ ಮಾತಿಗೇ ಸರಿಹೋಯಿತು ಅನ್ನುತ್ತಾರೆ.

ಇತ್ತ ಸ್ಟಿಯರಿಂಗಿನ ಕೆಳಗೆ ಸೂಜಿ ಎರಡನೆಯ ಕಂದು ತಂತಿಯನ್ನು ತಲುಪಿದೆ. ಭಾವ ಡ್ರೈವರಿನ ಬಾಗಿಲು ತೆರೆಯುತ್ತಾರೆ, ಬಲ್ಬು ಹೊತ್ತುತ್ತದೆ. ಅಕ್ಕ ಕಾಲು ಒಳಗೆಳೆದುಕೊಂಡಾಗ ಮುಚ್ಚುತ್ತಾರೆ, ಆರುತ್ತದೆ. ಎಡಬಾಗಿಲು, ಹಿಂಬಾಗಿಲು, ಕೊನೆಗೆ ಜಾರುಬಾಗಿಲು. ಎಲ್ಲಕ್ಕೂ ಹೊತ್ತುತ್ತದೆ, ಎಲ್ಲಕ್ಕೂ ಆರುತ್ತದೆ. ಹಳದಿ ದೀಪವನ್ನು ಹಳೆಯ ತಂತಿಯಿಂದ ಬಿಡಿಸಿ ಇದಕ್ಕೆ ಸೇರಿಸಿದ ಮೇಲೆ ಡ್ರೈವರ್ ಸೀಟಿನಲ್ಲಿ ಕೂತು ದೀಪ ನೋಡಿ ಕೈ ತಟ್ಟುತ್ತಾರೆ. ಭಾವ ಷಟರಿನ ಕಡೆ ಹೊರಟಾಗಿದೆ.

ಸ್ಟಿಯರಿಂಗಿನ ಕೆಳಗಿಂದ ಹೊರಬಂದ ಅಕ್ಕ ಮಾತ್ರ ಜಾರುಬಾಗಿಲಿನ ಮುಂದೆ ನಿಂತಿದ್ದಾರೆ. ಬಾಗಿಲನ್ನು ಅರ್ಧ ಹಾಕಿ ಅನ್ನುತ್ತಾರೆ. ಅರ್ಧ ಎಂದರೆ ಹೇಗೆ ಎಂದು ಭಾವ. ನಿದ್ದೆಗಣ್ಣಿನ ದಾದಿ ಹಾಕುವ ಹಾಗೆ ಎಂದು ಅಕ್ಕ. ಭಾವ ಮೆಲ್ಲಗೆ ಎಳೆಯುತ್ತಾರೆ. ಬಾಗಿಲು ಚೌಕಟ್ಟಿಗೆ ತಾಗಿ ನಿಲ್ಲುತ್ತದೆ, ಚಿಲಕ ಕಚ್ಚಿಲ್ಲ. ದೀಪ ಆರಿಹೋಗಿದೆ.

ಭಾವ ಆಸ್ಪತ್ರೆಯ ಗೇಟಿನ ಕಡೆ ನೋಡುತ್ತಾರೆ. ಆರೂವರೆ ದಾಟಿದೆ.

ಚೌಕಟ್ಟಿನ ಗುಂಡಿಯ ಮೇಲೆ ರಬ್ಬರಿನ ಒಂದು ಟೋಪಿ ಇದೆ. ಟೋಪಿ ದಪ್ಪವಾಗಿರುವುದರಿಂದ ಬಾಗಿಲು ಪೂರ್ತಿ ಕೂರುವ ಮುಂಚೆಯೇ ಗುಂಡಿ ಒತ್ತಿಕೊಂಡು ದೀಪ ಆರುತ್ತದೆ. ಟೋಪಿಯನ್ನು ಹೆರೆಯಬೇಕು. ಹೆಚ್ಚು ಹೆರೆದರೆ ದೀಪ ಆರುವುದೇ ಇಲ್ಲ, ಬದಲಿಗೆ ಹಾಕಲು ಬೇರೆ ಟೋಪಿಯೂ ಇಲ್ಲ. ಇದ್ದದ್ದನ್ನು ಕೆಡಿಸಬೇಡ, ಮೇಲ್ವಿಚಾರಕರೇನು ಅರ್ಧ ಹಾಕಿ ನೋಡುತ್ತಾರಾ ಎಂದು ಭಾವ ಸಣ್ಣ ದನಿಯಲ್ಲಿ ಕೇಳುತ್ತಾರೆ.

"ಅವರು ನೋಡೋದು ಒಂದು ದಿನ. ಇವನು ಓಡಿಸೋದು ದಿನಾ" ಎಂದು ಅಕ್ಕ ಬ್ಲೇಡು ಕೇಳುತ್ತಾರೆ.

ಒಂದು ಎಳೆ ಹೆರೆಯುವುದು, ಬಾಗಿಲು ಎಳೆದು ನೋಡುವುದು. ಮತ್ತೊಂದು ಎಳೆ. ಸೌತೆಕಾಯಿಯ ಸಿಪ್ಪೆಗಿಂತ ತೆಳ್ಳಗೆ. ಈಗ ಭಾವನ ಬಾಯಿಂದ ಗೊಣಗು ಇಲ್ಲ, ಹೇಳಿದಷ್ಟು ಎಳೆಯುತ್ತಾರೆ, ಹೇಳಿದಲ್ಲಿ ನಿಲ್ಲಿಸುತ್ತಾರೆ. ಗೇಟಿನ ಬಳಿ ದಾದಿಯರ ನಗು ಕೇಳಿಸುವ ಹೊತ್ತಿಗೆ, ಅರ್ಧ ಹಾಕಿದ ಬಾಗಿಲಿಗೆ ದೀಪ ಹೊತ್ತಿಯೇ ಇರುತ್ತದೆ. ಪೂರ್ತಿ ಹಾಕಿದಾಗ ಆರುತ್ತದೆ. ಅಕ್ಕ ಡ್ರೈವರಿನ ಭುಜಕ್ಕೆ ಒಂದು ಏಟು ಹಾಕುತ್ತಾರೆ, ಹೊರಡು ಎಂದು.

ವ್ಯಾನು ರಸ್ತೆ ದಾಟಿ ಗೇಟಿಗೆ ನಿಲ್ಲುತ್ತದೆ. ದಾದಿಯರು ಹತ್ತುತ್ತಾರೆ. ಕೊನೆಯಲ್ಲಿ ಮೇಲ್ವಿಚಾರಕರು, ಇಸ್ತ್ರಿ ಹಾಕಿದ ಅಂಗಿ, ಗಂಭೀರ ಮುಖ. ಬಾಗಿಲನ್ನು ದೊಡ್ಡ ಮನುಷ್ಯರು ಎಳೆಯುವ ಹಾಗೆ ಎರಡು ಬೆರಳಿನಿಂದ ಎಳೆದು ಕೂರುತ್ತಾರೆ. ಮುಂದಕ್ಕೆ ಕೈ ಬೀಸುತ್ತಾರೆ, ಹೊರಡಲಿ ಎಂದು.

ವ್ಯಾನು ಹೊರಡುವುದಿಲ್ಲ.

ಅಂಗಡಿಯಿಂದ ಅಲ್ಲಿನ ಮಾತು ಕೇಳಿಸದು, ಗಾಜಿನೊಳಗಿನ ಚಾವಣಿ ದೀಪ ಮಾತ್ರ ಕಾಣುತ್ತದೆ. ಹೊತ್ತಿದೆ. ಮೇಲ್ವಿಚಾರಕರು ಮತ್ತೆ ಕೈ ಬೀಸುತ್ತಾರೆ. ಡ್ರೈವರ್ ಹಿಂದಕ್ಕೆ ತಿರುಗಿ ಒಂದು ಬೆರಳನ್ನು ಮೇಲಕ್ಕೆ ತೋರಿಸುತ್ತಾರೆ. ಮೇಲ್ವಿಚಾರಕರು ದೀಪ ನೋಡುತ್ತಾರೆ, ಬಾಗಿಲು ನೋಡುತ್ತಾರೆ. ದಾದಿಯರೆಲ್ಲ ಅವರನ್ನೇ ನೋಡುತ್ತಾರೆ. ಅವರು ಎದ್ದು ಎರಡೂ ಕೈಯಿಂದ ಬಾಗಿಲನ್ನು ಎಳೆದು ಹಾಕುತ್ತಾರೆ. ಧಡ್ ಎಂದದ್ದು ರಸ್ತೆಯ ಈಚೆಗೂ ಕೇಳುತ್ತದೆ. ದೀಪ ಆರುತ್ತದೆ, ವ್ಯಾನು ಹೊರಡುತ್ತದೆ. ಭಾವ ಅಕ್ಕನ ಕೈ ಹಿಡಿದುಕೊಂಡಿರುವುದು ಇಬ್ಬರಿಗೂ ಆಮೇಲೆ ಗೊತ್ತಾಗುತ್ತದೆ.

ಸುತ್ತು ಮುಗಿದ ಮೇಲೆ ಮೇಲ್ವಿಚಾರಕರು ಅಂಗಡಿಯ ಮುಂದೆಯೇ ಇಳಿಯುತ್ತಾರೆ. ಇನ್ನೂ ಎರಡು ವ್ಯಾನುಗಳಿವೆ, ಅವಕ್ಕೂ ಇಂಥದ್ದೇ ದೀಪ ಬೇಕು ಅನ್ನುತ್ತಾರೆ. ಡ್ರೈವರ್ ವಿಷಯ ಏನಾಯಿತು ಎಂದು ಭಾವ ಕೇಳುತ್ತಾರೆ.

"ಡ್ರೈವರ್ ಸರಿಯಾಗೇ ಇದಾರೆ. ಬಾಗಿಲು ಹಾಕೋದು ನಾನೇ ಕಲೀಬೇಕು" ಎಂದು ಅವರು ಹೊರಟುಹೋಗುತ್ತಾರೆ.

ವ್ಯಾನಿನಲ್ಲೇ ಉಳಿದಿದ್ದ ಹಿರಿಯ ದಾದಿ ಅದನ್ನು ಕೈಸನ್ನೆಯಲ್ಲಿ ಮೈದುನನಿಗೆ ದಾಟಿಸುತ್ತಾರೆ. ಅವರು ಎರಡು ಸಲ ಹೇಳಿಸಿಕೊಳ್ಳುತ್ತಾರೆ. ಮೊದಲ ಸಲವೇ ಅರ್ಥವಾಗಿತ್ತು ಎಂದು ಮುಖ ಹೇಳುತ್ತದೆ.

ನಿಮಗೇನಾದರೂ ಆಸೆ ಇದೆಯೇ ಎಂದು ದಾದಿ ಕೇಳಿದ್ದಕ್ಕೆ ಅಕ್ಕ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಾರೆ. "ಇಷ್ಟು ಗಾಡಿ ಮಾಡಿದೀನಿ, ಒಂದರಲ್ಲೂ ಕೂತು ಹೋಗಿಲ್ಲ. ಮಲಗಿದೀನಿ ಅಷ್ಟೆ. ಒಂದ್ಸಲ ಕೂತು ಹೋಗಬೇಕು."

ದಾದಿಯ ಕೈ ಅದನ್ನೂ ದಾಟಿಸುತ್ತದೆ. ಡ್ರೈವರ್ ಇಳಿದು ಬಂದು ಜಾರುಬಾಗಿಲು ತೆರೆದು ನಿಲ್ಲುತ್ತಾರೆ. ಈಗ ಬೇಡ, ಅಂಗಡಿ ತೆರೆದಿದೆ ಎಂದು ಅಕ್ಕ. ನಾನು ನೋಡಿಕೊಳ್ಳುತ್ತೇನೆ ಎಂದು ಭಾವ. ಅದೇ ಭಯ ಎಂದು ಅಕ್ಕ ಹತ್ತಿಯೇಬಿಡುತ್ತಾರೆ. ಕಿಟಕಿ ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡು ತಲೆಯೆತ್ತಿ ಚಾವಣಿಯ ದೀಪವನ್ನು ನೋಡುತ್ತಾರೆ.

"ಕೂತು ನೋಡಿದ್ರೆ ಚೆನ್ನಾಗೇ ಕಾಣುತ್ತೆ ಕಣ್ರೀ" ಅನ್ನುತ್ತಾರೆ.

ಬಾಗಿಲು ಹಾಕುವುದು ಅವರಿಗೆ ಮರೆತುಹೋಗಿದೆ. ಡ್ರೈವರ್ ತಮ್ಮ ಸೀಟಿನಲ್ಲಿ ಕೂತು, ಹಳದಿ ದೀಪ ಆರಲಿ ಎಂದು ನಿಧಾನವಾಗಿ ಕಾಯುತ್ತಿದ್ದಾರೆ.